ಒಲೆ ಬದಲಾಗಲಿ, ಉಗ್ರಾಣ ಉಳಿಯಲಿ



ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತು. ಸಂಘದ ಹಳೆಯ ಕಂಪ್ಯೂಟರನ್ನು ಅಂಗಡಿಗೆ ಒಯ್ದರೆ, "ಎಲ್ಲ ಅಳಿಸಿ ಹೊಸದು ಹಾಕುತ್ತೇನೆ" ಎಂದರು. ಅದರೊಳಗಿರುವುದೇನು? ಸದಸ್ಯರ ಪಟ್ಟಿ, ಪ್ರಾವಿಡೆಂಟ್ ಫಂಡಿನ ಕಾಗದ, ಗಿರಣಿ ಕಾರ್ಮಿಕರು ಮನೆಗಾಗಿ ಮ್ಹಾಡಾಕ್ಕೆ ಕೊಟ್ಟ ಅರ್ಜಿಗಳ ನಕಲು, ನುಡಿಯಲ್ಲಿ ಟೈಪು ಮಾಡಿದ ಠರಾವುಗಳು. ಆ ಹಳೆಯ ಫಾಂಟೂ ಅಳಿದರೆ ಠರಾವು ಓದುವವರಾರು? ನಾನು ಒಪ್ಪಲಿಲ್ಲ.

ಅಳಿಸದೆಯೂ ಆಗುತ್ತದೆ. ಮೊದಲು ಎಲ್ಲದರ ನಕಲನ್ನು ಬೇರೆ ಡಿಸ್ಕಿನಲ್ಲಿ ಇಡಬೇಕು. ಬಳಿಕ ವಿಂಡೋಸ್ 10 ನಡೆಯುತ್ತಿರುವಾಗಲೇ 11ರ ಸೆಟಪ್ ತೆರೆದು, ಕಡತಗಳನ್ನೂ ಆಪ್‌ಗಳನ್ನೂ ಉಳಿಸುವ ಆಯ್ಕೆಯನ್ನು ಒತ್ತಬೇಕು. ಯಂತ್ರಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0, ಕಂಪನಿ ಒಪ್ಪಿದ ಪ್ರೊಸೆಸರು ಇರಬೇಕು. ಕೆಲವು ಯಂತ್ರಗಳಲ್ಲಿ ಟಿಪಿಎಂ ಇದ್ದೂ ಮಲಗಿರುತ್ತದೆ. ಬಯಾಸ್‌ನಲ್ಲಿ ಅದನ್ನು ಎಬ್ಬಿಸಬೇಕು. ಯೋಗ್ಯತೆಯಿಲ್ಲದ ಯಂತ್ರಕ್ಕೆ ಬಲವಂತ ಬೇಡ. ವೈರಸ್ ಹೊಕ್ಕಿದ್ದರೆ ಮಾತ್ರ ಪೂರ್ತಿ ಅಳಿಸುವುದೇ ಸರಿ.

ಒಂದು ಭಾನುವಾರ ನಾವು ಹೀಗೆಯೇ ಮಾಡಿದೆವು. ಪಟ್ಟಿಯ ಒಂದು ಹೆಸರೂ ಹೋಗಲಿಲ್ಲ.

ಅಳಿಸಿದರೆ ಅಂಗಡಿಯವನಿಗೆ ಒಂದು ಗಂಟೆ ಉಳಿತಾಯ. ನಮಗೆ ವರ್ಷಗಳ ದಾಖಲೆಯೇ ನಷ್ಟ. ಒಲೆ ಬದಲಿಸಲು ಉಗ್ರಾಣವನ್ನು ಬರಿದು ಮಾಡುವುದುಂಟೆ? ಹೋಟೆಲಿನಲ್ಲಿ ದುಡಿದವರು ನಾವು, ಇಷ್ಟಾದರೂ ಬಲ್ಲೆವು. "ಅಳಿಸಲೇ?" ಎಂದು ಕೇಳಿದವರಿಗೆ, "ಉಳಿಸಿ ಮಾಡಿ" ಎನ್ನಿರಿ.