ಕೈ ಆಡುವ ಏಕವಚನ

2022ರ ಅಕ್ಟೋಬರ್. ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದಲ್ಲಿ ಹಕ್ಕುಪತ್ರ ವಿತರಣೆಯ ಕಾರ್ಯಕ್ರಮ. ಅಹವಾಲು ಹೇಳಿಕೊಳ್ಳಲು ಜನರ ನಡುವೆ ನುಗ್ಗಿಕೊಂಡು ಮುಂದೆ ಬಂದ ಮಹಿಳೆಯೊಬ್ಬರ ಕೆನ್ನೆಗೆ ಅಂದಿನ ವಸತಿ ಸಚಿವ ವಿ. ಸೋಮಣ್ಣ ಹೊಡೆದ ದೃಶ್ಯ ರಾಜ್ಯದ ಮೊಬೈಲ್‌ಗಳಲ್ಲೆಲ್ಲ ಹರಿದಾಡಿತು. ಸಚಿವರು ಆಮೇಲೆ ವಿಷಾದ ವ್ಯಕ್ತಪಡಿಸಿದರು. ಅವರು ತನಗೆ ಹೊಡೆದಿಲ್ಲ ಎಂದು ಆ ಮಹಿಳೆಯೇ ಹೇಳಿಕೆ ಕೊಟ್ಟದ್ದೂ ಆಯಿತು. ವಿಡಿಯೊ ನೋಡಿದವರನ್ನು ಏಟಿಗಿಂತ ಹೆಚ್ಚು ಕಾಡಿದ್ದು ಅದರ ಮರುಕ್ಷಣ. ಆಕೆ ಬಗ್ಗಿ ಸಚಿವರ ಕಾಲು ಮುಟ್ಟುತ್ತಾರೆ.

ಮೇಲಿನವರ ಕೈ ಕೆಳಗಿನವರ ಕೆನ್ನೆಗೆ, ಕೆಳಗಿನವರ ಕೈ ಮೇಲಿನವರ ಪಾದಕ್ಕೆ.

ಅದಕ್ಕೂ ಹಿಂದಿನ ವರ್ಷದ ಜುಲೈನಲ್ಲಿ ಮಂಡ್ಯ ಜಿಲ್ಲೆಯಲ್ಲಿ ಇದೇ ಕಥೆ ತಿರುವುಮುರುವಾಗಿ ನಡೆದಿತ್ತು. ಅನಾರೋಗ್ಯದಲ್ಲಿದ್ದ ಹಿರಿಯ ನಾಯಕ ಜಿ. ಮಾದೇಗೌಡರನ್ನು ನೋಡಲು ಹೊರಟಿದ್ದ ಅಂದಿನ ಕೆಪಿಸಿಸಿ ಅಧ್ಯಕ್ಷ ಡಿ.ಕೆ. ಶಿವಕುಮಾರ್ ಜತೆಗೆ ಹೆಜ್ಜೆ ಹಾಕುತ್ತಿದ್ದ ಕಾರ್ಯಕರ್ತನೊಬ್ಬ ಸಲುಗೆಯಿಂದ ಅವರ ಮೈಮೇಲೆ ಕೈ ಹಾಕಲು ಹೋದ. ಕ್ಯಾಮೆರಾಗಳ ಎದುರೇ ಏಟು ತಿಂದ. ನಾಯಕನೊಬ್ಬ ಕಾರ್ಯಕರ್ತನ ಹೆಗಲ ಮೇಲೆ ಕೈ ಹಾಕಿದರೆ ಅದು ಫೋಟೊ ಆಗಿ, ಫ್ಲೆಕ್ಸ್ ಆಗಿ ಊರ ಬಾಗಿಲಲ್ಲಿ ನಿಲ್ಲುತ್ತದೆ. ಕಾರ್ಯಕರ್ತನ ಕೈ ಅದೇ ದಾರಿಯಲ್ಲಿ ಮೇಲಕ್ಕೆ ಹೋದರೆ ಅದು ಉದ್ಧಟತನ. ಒಬ್ಬರು ಆ ಪಕ್ಷ, ಒಬ್ಬರು ಈ ಪಕ್ಷ. ಕೈಗೆ ಸಂಬಂಧಿಸಿದ ನಿಯಮ ಮಾತ್ರ ಒಂದೇ.

ಈ ನಿಯಮ ಕನ್ನಡಿಗರಿಗೆ ಅರ್ಥವಾಗಲು ದೂರ ಹೋಗಬೇಕಿಲ್ಲ, ‘ನೀನು’ ಮತ್ತು ‘ನೀವು’ ಸಾಕು. ಗೆಳೆಯರಿಬ್ಬರು ಪರಸ್ಪರ ‘ನೀನು’ ಅಂದರೆ ಅದು ಸಲುಗೆ. ಒಬ್ಬ ‘ನೀನು’ ಅನ್ನುತ್ತ, ಇನ್ನೊಬ್ಬ ಕೈಕಟ್ಟಿ ‘ನೀವು’ ಅನ್ನುತ್ತಿದ್ದರೆ ಯಾರು ಮೇಲು ಯಾರು ಕೆಳಗು ಎಂದು ದಾರಿಹೋಕನಿಗೂ ಗೊತ್ತಾಗುತ್ತದೆ. ಸ್ಪರ್ಶವೂ ಹಾಗೆಯೇ. ಹೋಗಿ ಬರುವ ಕೈ ಸ್ನೇಹದ್ದು. ಹೋಗುವುದೇ ಹೊರತು ತಿರುಗಿ ಬರಲು ಸಾಧ್ಯವೇ ಇಲ್ಲದ ಕೈ ಆಡುವುದು ಏಕವಚನವನ್ನು.

ಅಮೆರಿಕದ ಮನಶ್ಶಾಸ್ತ್ರಜ್ಞೆ ನ್ಯಾನ್ಸಿ ಹೆನ್ಲಿ 1970ರ ದಶಕದಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಸಾರ್ವಜನಿಕ ಸ್ಥಳಗಳಲ್ಲಿ ಯಾರು ಯಾರನ್ನು ಮುಟ್ಟುತ್ತಾರೆ ಎಂಬುದನ್ನು ಗುರುತು ಹಾಕಿಕೊಂಡು ನೋಡಿದಾಗ, ಗಂಡಸರು ಹೆಂಗಸರನ್ನು, ವಯಸ್ಸಾದವರು ಚಿಕ್ಕವರನ್ನು, ಉಳ್ಳವರು ಇಲ್ಲದವರನ್ನು ಮುಟ್ಟುವುದು ಹೆಚ್ಚು, ತಿರುಗಿ ಮುಟ್ಟಿಸಿಕೊಳ್ಳುವುದು ಕಡಿಮೆ ಎಂದು ಕಂಡಿತು. ಲೆಕ್ಕ ಇಷ್ಟು ಸರಳವಲ್ಲ ಎಂದು ಮುಂದೆ ಬಂದ ಸಂಶೋಧಕರು ತಕರಾರು ತೆಗೆದರು. ಜೂಡಿತ್ ಹಾಲ್ 1990ರ ದಶಕದಲ್ಲಿ ವಿದ್ವಾಂಸರ ಸಮ್ಮೇಳನಗಳಲ್ಲಿ ಗಮನಿಸಿದಾಗ ಕಿರಿಯರೂ ಹಿರಿಯರಷ್ಟೇ ಮುಟ್ಟುತ್ತಿದ್ದರು. ವ್ಯತ್ಯಾಸವಿದ್ದುದು ಬಗೆಯಲ್ಲಿ. ಕಿರಿಯರದ್ದು ಹೆಚ್ಚಾಗಿ ಕೈಕುಲುಕು. ಹಿರಿಯರ ಕೈ ತೋಳಿಗೆ, ಹೆಗಲಿಗೆ ಹೋಗುತ್ತಿತ್ತು. ಈ ವ್ಯತ್ಯಾಸ ಸಣ್ಣದಲ್ಲ. ಕೈಕುಲುಕಲು ಚಾಚಿದ ಕೈ ಎದುರಿನವರ ಒಪ್ಪಿಗೆಗಾಗಿ ಒಂದು ಗಳಿಗೆ ಗಾಳಿಯಲ್ಲಿ ಕಾಯುತ್ತದೆ. ಹೆಗಲಿಗೆ ಬೀಳುವ ಕೈ ಯಾರಿಗೂ ಕಾಯುವುದಿಲ್ಲ.

ಸ್ಪರ್ಶವನ್ನೇ ರಾಜಕೀಯದ ಆಯುಧ ಮಾಡಿಕೊಂಡವರಲ್ಲಿ ಲಿಂಡನ್ ಜಾನ್ಸನ್‌ಗೆ ಸಾಟಿಯಿಲ್ಲ. ಅಮೆರಿಕದ ಅಧ್ಯಕ್ಷರಾಗುವ ಮೊದಲು, ಸೆನೆಟ್‌ನ ಬಹುಮತದ ನಾಯಕರಾಗಿದ್ದ 1957ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಜಾರ್ಜ್ ಟೇಮ್ಸ್ ತೆಗೆದ ಚಿತ್ರಗಳ ಸರಣಿಯೊಂದಿದೆ. ಆರಡಿ ಮೂರಿಂಚಿಗೂ ಎತ್ತರದ ಜಾನ್ಸನ್ ಎದುರು ತೊಂಬತ್ತರ ಆಸುಪಾಸಿನ ಸೆನೆಟರ್ ಥಿಯೋಡರ್ ಗ್ರೀನ್. ಚಿತ್ರದಿಂದ ಚಿತ್ರಕ್ಕೆ ಜಾನ್ಸನ್ ಮುಖ ಹತ್ತಿರವಾಗುತ್ತದೆ, ಮೂಗಿಗೆ ಮೂಗು ತಾಗುವಷ್ಟು. ಹಿಂದೆ ಮೇಜು, ಮುಂದೆ ಜಾನ್ಸನ್. ಮುದುಕರು ಹಿಂದಕ್ಕೆ ಬಾಗುತ್ತ ಹೋಗುತ್ತಾರೆ, ಮುಖದಲ್ಲಿ ಏನು ಮಾಡಬೇಕೆಂದು ತೋಚದ ಒಂದು ನಗು. ಕೋಟಿನ ಪಟ್ಟಿ ಹಿಡಿಯುವುದು, ತೋಳು ಹಿಂಡುವುದು, ಎದೆಗೆ ಬೆರಳು ಚುಚ್ಚುವುದು, ಇದಕ್ಕೆಲ್ಲ ಪತ್ರಕರ್ತರು ‘ಜಾನ್ಸನ್ ಟ್ರೀಟ್‌ಮೆಂಟ್’ ಎಂದು ಹೆಸರಿಟ್ಟರು. ಕರಿಯರ ನಾಗರಿಕ ಹಕ್ಕುಗಳ ಕಾನೂನಿಗೆ ಮತ ಕೂಡಿಸಿದ ವ್ಯಕ್ತಿ ಅವರು. ಹಾಗಾಗಿ ಈ ಕಥೆಗಳನ್ನು ಜನ ಮೆಚ್ಚಿಕೊಂಡೇ ಹೇಳುತ್ತಾರೆ. ಕಾನೂನು ಒಳ್ಳೆಯದೇ. ಆದರೆ ಚಿತ್ರದಲ್ಲಿರುವ ಗ್ರೀನ್‌ರ ನಗುವನ್ನು ನೋಡಿದ ಯಾರೂ ಅದನ್ನು ಮನವೊಲಿಕೆ ಎನ್ನಲಾರರು.

ಆ ನಗುವನ್ನು ನೋಡಲು ವಾಷಿಂಗ್ಟನ್ನಿಗೆ ಹೋಗಬೇಕಿಲ್ಲ. ಯಾವುದೇ ಊರಿನ ಯಾವುದೋ ಕಚೇರಿಯನ್ನು ಊಹಿಸಿಕೊಳ್ಳಿ. ಹುಡುಗ ಕಂಪ್ಯೂಟರ್ ಎದುರು ಕೂತಿದ್ದಾನೆ. ಹಿಂದಿನಿಂದ ಬಂದ ಮ್ಯಾನೇಜರ್ ಎರಡೂ ಹೆಗಲ ಮೇಲೆ ಎರಡು ಕೈ ಇಡುತ್ತಾರೆ. “ಏನಪ್ಪಾ, ಶನಿವಾರ ರಜೆ ಬೇಕಂತೆ?” ದನಿಯಲ್ಲಿ ಸಕ್ಕರೆ. ಹೆಬ್ಬೆರಳು ಮಾತ್ರ ಕತ್ತಿನ ಬುಡದ ಮೂಳೆಯ ಮೇಲೆ ನಿಧಾನ ಒತ್ತುತ್ತಿದೆ. ಹುಡುಗ ಎದ್ದು ನಿಲ್ಲಲಾರ, ತಿರುಗಿ ಮುಖ ನೋಡಲಾರ. ಅಕ್ಕಪಕ್ಕದವರು ತಮ್ಮ ತಮ್ಮ ಪರದೆಯನ್ನು ಇನ್ನಷ್ಟು ಗಮನವಿಟ್ಟು ನೋಡತೊಡಗುತ್ತಾರೆ. “ಪರವಾಗಿಲ್ಲ ಸಾರ್, ಮುಂದಿನ ವಾರ ನೋಡ್ತೀನಿ.” ಕೈ ಎರಡು ಸಲ ಬೆನ್ನು ತಟ್ಟಿ ಮುಂದಿನ ಕುರ್ಚಿಗೆ ಹೋಗುತ್ತದೆ. ಇದನ್ನು ಮನೆಗೆ ಹೋಗಿ ಹೇಳಿದರೆ ಅಪ್ಪ ಅನ್ನುವುದೇನು? “ಬೆನ್ನು ತಟ್ಟಿದರಂತಲ್ಲ, ಒಳ್ಳೆಯವರೇ ಇರಬೇಕು.”

ಇದೇ ತೊಡಕು. ಕೈ ಏನು ಹೇಳಿತು ಎಂಬುದು ಆ ಎರಡು ಹೆಗಲಿಗೆ ಮಾತ್ರ ಗೊತ್ತು. ಶಾಲೆಗಳಲ್ಲಿ ಈಗ ಮಕ್ಕಳಿಗೆ ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಎಂದು ಹೇಳಿಕೊಡುತ್ತಾರೆ, ಅಗತ್ಯವಾದ ಪಾಠ. ಆದರೆ ಮೂರನೆಯದೊಂದಿದೆ. ಅದರಲ್ಲಿ ಮಮತೆಯೂ ಇಲ್ಲ, ಕಾಮವೂ ಇಲ್ಲ. ‘ನಿನ್ನ ಮೈ ನಿನ್ನ ಸ್ವಂತದ್ದೇನಲ್ಲ’ ಎಂದು ತಿಳಿಸುವುದಷ್ಟೇ ಅದರ ಕೆಲಸ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೆಣ್ಣುಮಕ್ಕಳಿಗೆ ದೂರಿನ ದಾರಿ ಮಾಡಿಕೊಟ್ಟಿದೆ. ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಕಿವಿ ಹಿಂಡುವ ಕೈ ಆದರೂ ನಿಂತಿಲ್ಲ. ಒಪ್ಪಿಗೆಯಿಲ್ಲದೆ, ಭಯ ಅಥವಾ ಕಿರಿಕಿರಿ ಹುಟ್ಟಿಸುವ ಉದ್ದೇಶದಿಂದ ಬಲ ಪ್ರಯೋಗಿಸುವುದೂ ಅಪರಾಧವೇ ಎಂದು ಹಳೆಯ ದಂಡಸಂಹಿತೆ ಹೇಳುತ್ತಿತ್ತು, 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಹೇಳುತ್ತದೆ. ಆದರೆ ಹೆಗಲು ಒತ್ತಿದರೆಂದು ಠಾಣೆಯ ಮೆಟ್ಟಿಲು ಹತ್ತುವವರು ಯಾರು? ಹತ್ತಿದರೆ ಅಲ್ಲಿ ಕಾದಿರುವ ಮಾತು, “ಇಷ್ಟಕ್ಕೆಲ್ಲ ದೂರಾ?”

ಈ ‘ಇಷ್ಟಕ್ಕೆಲ್ಲ’ದ ವಿರುದ್ಧ ಒಬ್ಬ ಹೆಣ್ಣುಮಗಳು ಹದಿನೇಳು ವರ್ಷ ಹೋರಾಡಿದ್ದಾರೆ. 1988ರ ಜುಲೈ 18ರ ರಾತ್ರಿ ಚಂಡೀಗಢದಲ್ಲಿ ಹಿರಿಯ ಅಧಿಕಾರಿಯೊಬ್ಬರ ಮನೆಯ ಔತಣ. ಐಎಎಸ್ ಅಧಿಕಾರಿ ರೂಪನ್ ಡಿಯೋಲ್ ಬಜಾಜ್ ಎದುರು ಪಂಜಾಬಿನ ಪೊಲೀಸ್ ಮಹಾನಿರ್ದೇಶಕ ಕೆ.ಪಿ.ಎಸ್. ಗಿಲ್ ಬಂದು ನಿಂತರು. ದೂರಿನಲ್ಲಿರುವಂತೆ, ಅಲುಗಾಡಲು ಜಾಗವಿಲ್ಲದಷ್ಟು ಹತ್ತಿರ ನಿಂತು, ಬೆರಳು ಮಡಿಸಿ ಎದ್ದು ಬರುವಂತೆ ಆಜ್ಞೆ ಮಾಡಿದರು. ಆಕೆ ಒಪ್ಪದೆ ಕುರ್ಚಿ ಸರಿಸಿ ಹೊರಟಾಗ, ಅತಿಥಿಗಳೆಲ್ಲರ ಎದುರು ಹಿಂಭಾಗಕ್ಕೆ ಹೊಡೆದರು. ಅಧಿಕಾರದಲ್ಲಿದ್ದವರು ಬಜಾಜ್‌ಗೆ ಕೊಟ್ಟ ಸಲಹೆ, ವಿಷಯವನ್ನು ಇಲ್ಲಿಗೇ ಬಿಡಿ ಎಂಬುದು. ಹೈಕೋರ್ಟು ದೂರನ್ನೇ ರದ್ದು ಮಾಡಿತು. ಅದಕ್ಕೆ ನೆರವಾದದ್ದು ದಂಡಸಂಹಿತೆಯ 95ನೇ ಸೆಕ್ಷನ್. ಸಾಮಾನ್ಯ ಬುದ್ಧಿಯ ಯಾರೂ ದೂರುವುದಿಲ್ಲ ಎನ್ನುವಷ್ಟು ಕ್ಷುಲ್ಲಕವಾದ ಹಾನಿ ಅಪರಾಧವಲ್ಲ ಎನ್ನುತ್ತಿತ್ತು ಅದು.

ಬಜಾಜ್ ಬಿಡಲಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟು, ಹೆಣ್ಣಿನ ಮಾನಕ್ಕೆ ಸಂಬಂಧಿಸಿದ್ದನ್ನು ಕ್ಷುಲ್ಲಕ ಎನ್ನಲಾಗದು ಎಂದು ಪ್ರಕರಣಕ್ಕೆ ಮತ್ತೆ ಜೀವ ಕೊಟ್ಟಿತು. ಮರುವರ್ಷ ಗಿಲ್ ಅಪರಾಧಿ ಎಂದು ತೀರ್ಪಾಯಿತು. ಜೈಲು ಶಿಕ್ಷೆ ಮೇಲ್ಮನವಿಯಲ್ಲಿ ಪ್ರೊಬೇಷನ್ ಆಗಿ ಇಳಿಯಿತು, ಆದರೆ ಅಪರಾಧಿ ಎಂಬ ತೀರ್ಪನ್ನು 2005ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆ ರಾತ್ರಿ ಹೊಡೆಸಿಕೊಂಡವರು ಐಎಎಸ್ ಅಧಿಕಾರಿ. ಅವರಿಗೇ ಹದಿನೇಳು ವರ್ಷ ಹಿಡಿಯಿತು ಎಂದರೆ, ಗಾರ್ಮೆಂಟ್ಸ್ ಲೈನಿನಲ್ಲಿ ಸೂಪರ್‌ವೈಸರ್ ತೋಳು ಹಿಡಿದು ಎಳೆದ ಹೆಣ್ಣುಮಗಳು ಯಾವ ಧೈರ್ಯದ ಮೇಲೆ ಬಾಯಿ ಬಿಡಬೇಕು?

ತಿರುಗಿ ಹಿಡಿಯುವ ಬಲ ಇದ್ದವರ ಕಥೆಯೇ ಬೇರೆ. 2017ರ ಮೇ ತಿಂಗಳಲ್ಲಿ ಬ್ರಸೆಲ್ಸ್‌ನಲ್ಲಿ ಡೊನಾಲ್ಡ್ ಟ್ರಂಪ್ ಕೈಕುಲುಕಿದಾಗ ಫ್ರಾನ್ಸ್‌ನ ಅಧ್ಯಕ್ಷ ಇಮ್ಯಾನುಯೆಲ್ ಮ್ಯಾಕ್ರಾನ್ ಬೆರಳ ಗೆಣ್ಣು ಬೆಳ್ಳಗಾಗುವಂತೆ ಹಿಡಿದು, ಬಿಡಿಸಿಕೊಳ್ಳಲು ಹೋದರೂ ಬಿಡಲಿಲ್ಲ. ಅದೇನು ಮುಗ್ಧ ಕೈಕುಲುಕಾಗಿರಲಿಲ್ಲ ಎಂದು ಆಮೇಲೆ ತಾವೇ ಪತ್ರಿಕೆಗೆ ಹೇಳಿದರು. ಅದಕ್ಕೂ ಮೊದಲು, 2006ರ ಜಿ-8 ಶೃಂಗಸಭೆಯಲ್ಲಿ ಜಾರ್ಜ್ ಬುಷ್ ಹಿಂದಿನಿಂದ ಬಂದು ಹೆಗಲು ಅದುಮಿದಾಗ ಜರ್ಮನಿಯ ಚಾನ್ಸಲರ್ ಏಂಜೆಲಾ ಮರ್ಕೆಲ್ ಎರಡೂ ಕೈ ಮೇಲಕ್ಕೆಸೆದು ಕೊಡವಿಕೊಂಡರು. ಬೆನ್ನ ಹಿಂದೆ ಒಂದು ದೇಶ ಇದ್ದದ್ದರಿಂದ ಅವರಿಗದು ಸಾಧ್ಯವಾಯಿತು. ಹಂಗಳದ ಮಹಿಳೆಯ ಬೆನ್ನ ಹಿಂದೆ ಇದ್ದದ್ದು ಸೈಟಿನ ಆಸೆ ಮಾತ್ರ.

ನಮ್ಮ ನೆಲದಲ್ಲಿ ಈ ಏಕಮುಖ ಸಂಚಾರಕ್ಕೆ ಇನ್ನೂ ಆಳದ ಬೇರಿದೆ. ಅಸ್ಪೃಶ್ಯತೆಯನ್ನು ಮುಟ್ಟದಿರುವ ಪದ್ಧತಿ ಎಂದಷ್ಟೇ ತಿಳಿದರೆ ಅರ್ಧ ತಿಳಿದಂತೆ. ದಲಿತನ ಕೈ ತಾಗಿದರೆ ಮೈಲಿಗೆ ಎಂದವರ ಕೋಲು ಅವನ ಬೆನ್ನಿಗೆ ತಾಗಲು, ಮೆಟ್ಟು ಕೆನ್ನೆಗೆ ತಾಗಲು ಯಾವ ಮಡಿಯೂ ಅಡ್ಡ ಬರಲಿಲ್ಲ. ಯಾರನ್ನು, ಯಾವಾಗ, ಯಾವುದರಿಂದ ಮುಟ್ಟಬೇಕು ಎಂದು ತೀರ್ಮಾನಿಸುವ ಹಕ್ಕು ಒಂದೇ ಕಡೆ ಇತ್ತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಆ ಹಕ್ಕು ತಮ್ಮದೇ ಎಂಬ ಭಾವನೆ ಮಾತ್ರ ಕುರ್ಚಿಯಿಂದ ಕುರ್ಚಿಗೆ ದಾಟುತ್ತ ಉಳಿದಿದೆ.

ಹಾಗೆಂದು ಮುಟ್ಟುವುದನ್ನೇ ಬಿಟ್ಟು ಗಾಜಿನ ಗೋಡೆಯೊಳಗೆ ಬದುಕಬೇಕೆಂದಲ್ಲ. ಸಾವಿನ ಮನೆಯಲ್ಲಿ ಮಾತು ಸೋತಾಗ ಹಿಡಿದುಕೊಳ್ಳುವ ಕೈ, ಫೇಲಾದ ಹುಡುಗನ ತಲೆ ಸವರುವ ಮೇಷ್ಟ್ರ ಕೈ ಇಲ್ಲದ ಊರು ಊರೇ ಅಲ್ಲ. ಬೇಕಾಗಿರುವುದು ಮೇಲಿರುವವರು ಕೈ ಚಾಚುವ ಮುಂಚೆ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ: ಇವನು ಇದೇ ಕೈಯನ್ನು ನನ್ನ ಹೆಗಲ ಮೇಲೆ ಇಟ್ಟರೆ ನಾನು ಸುಮ್ಮನಿರುತ್ತೇನೆಯೇ? ಪೊಲೀಸ್ ತರಬೇತಿ ಶಾಲೆಯಲ್ಲಿ, ಶಿಕ್ಷಕರ ತರಬೇತಿಯಲ್ಲಿ, ಕಂಪನಿಗಳಲ್ಲಿ ಮ್ಯಾನೇಜರ್ ಆಗುವವರಿಗೆ ಇದನ್ನು ಬಿಡಿಸಿ ಹೇಳಬೇಕು. ಕೆಳಗಿರುವವರ ಬಾಯಿಗೂ ಒಂದು ಮಾತು ಸಿಗಬೇಕು. ‘ಏಕವಚನದಲ್ಲಿ ಮಾತಾಡಬೇಡಿ’ ಎಂದು ಕಚೇರಿಯ ಕೌಂಟರಿನ ಮುಂದೆ ನಿಂತು ಜಗಳ ಕಾಯುವುದನ್ನು ಕನ್ನಡಿಗರು ಕಲಿತಿದ್ದಾರೆ, ಸುತ್ತ ನಿಂತವರೂ ದನಿಗೂಡಿಸುತ್ತಾರೆ. ‘ಕೈ ತೆಗೆದು ಮಾತಾಡಿ’ ಎಂಬುದಕ್ಕೂ ಅದೇ ಬೆಂಬಲ ಸಿಗಬೇಕು.

2018ರ ಏಪ್ರಿಲ್‌ನಲ್ಲಿ ಚೆನ್ನೈನ ಪತ್ರಿಕಾಗೋಷ್ಠಿಯೊಂದರ ಕೊನೆಯಲ್ಲಿ ಪತ್ರಕರ್ತೆಯೊಬ್ಬರು ಪ್ರಶ್ನೆ ಕೇಳಿದರು. ತಮಿಳುನಾಡಿನ ಅಂದಿನ ರಾಜ್ಯಪಾಲ ಬನ್ವಾರಿಲಾಲ್ ಪುರೋಹಿತ್ ಉತ್ತರ ಕೊಡುವ ಬದಲು ಆಕೆಯ ಕೆನ್ನೆ ತಟ್ಟಿದರು. ಮತ್ತೆ ಮತ್ತೆ ಮುಖ ತೊಳೆದುಕೊಂಡರೂ ಅದು ಹೋಗುತ್ತಿಲ್ಲ ಎಂದು ಆಕೆ ಬಹಿರಂಗವಾಗಿಯೇ ಬರೆದರು. ಸಹೋದ್ಯೋಗಿಗಳು ಬೆನ್ನಿಗೆ ನಿಂತರು. ನೀವು ನನ್ನ ಮೊಮ್ಮಗಳಿದ್ದಂತೆ, ಒಳ್ಳೆಯ ಪ್ರಶ್ನೆ ಕೇಳಿದ್ದಕ್ಕೆ ಮೆಚ್ಚಿ ತಟ್ಟಿದೆ ಎಂದು ರಾಜಭವನದಿಂದ ಕ್ಷಮಾಪಣೆಯ ಪತ್ರ ಬಂತು. ಆಕೆ ಕ್ಷಮೆಯನ್ನು ಒಪ್ಪಿಕೊಂಡರು. ಮೆಚ್ಚಿ ತಟ್ಟಿದೆ ಎಂಬ ಕಾರಣ ಮಾತ್ರ ತಮಗೆ ಒಪ್ಪಿಗೆಯಾಗಿಲ್ಲ ಎಂದು ಉತ್ತರ ಬರೆದರು.