ಬೆಳಕಿನಿಂದ ಅಯಸ್ಕಾಂತದ ಗುಣ ಅಳೆಯಬಹುದೇ?

ಟಾರ್ಚಿನ ಬೆಳಕಿನ ಪಕ್ಕದಲ್ಲಿ ಎಷ್ಟೇ ಬಲವಾದ ಅಯಸ್ಕಾಂತ ಹಿಡಿದರೂ ಬೆಳಕು ಅದರತ್ತ ಬಾಗುವುದಿಲ್ಲ. ಹಾಗಾದರೆ ಎರಡಕ್ಕೂ ಸಂಬಂಧವೇ ಇಲ್ಲವೇ? ಇದೆ. ಆದರೆ ಅದು ಕಾಣುವುದು ನಡುವೆ ಒಂದು ವಸ್ತು ಇದ್ದಾಗ.

ಬೆಳಕು ಒಂದು ಅಲೆ. ಬಿಸಿಲಿನಲ್ಲಿ ಈ ಅಲೆ ತಾನು ಸಾಗುವ ದಾರಿಗೆ ಅಡ್ಡಲಾಗಿ ಎಲ್ಲ ದಿಕ್ಕಿಗೂ ಕಂಪಿಸುತ್ತದೆ. ಪೋಲರಾಯ್ಡ್ ಹಾಳೆಯ ಮೂಲಕ ಹಾಯಿಸಿದರೆ ಒಂದೇ ದಿಕ್ಕಿನ ಕಂಪನ ಉಳಿಯುತ್ತದೆ. ಇದೇ ಧ್ರುವೀಕೃತ ಬೆಳಕು.

1845ರಲ್ಲಿ ಮೈಕೆಲ್ ಫ್ಯಾರಡೆ ಇಂಥ ಬೆಳಕನ್ನು ಸೀಸ ಬೆರೆತ ಗಾಜಿನೊಳಗೆ ಹಾಯಿಸಿ, ಅದು ಸಾಗುವ ದಿಕ್ಕಿನಲ್ಲೇ ಕಾಂತಕ್ಷೇತ್ರ ಕೊಟ್ಟರು. ಕಂಪನದ ದಿಕ್ಕು ತುಸು ತಿರುಗಿತು. 1877ರಲ್ಲಿ ಸ್ಕಾಟ್ಲೆಂಡಿನ ಜಾನ್ ಕೆರ್, ಕಾಂತದ ನಯವಾದ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕಿನಲ್ಲೂ ಇಂಥದೇ ಬದಲಾವಣೆ ಇರುವುದನ್ನು ಪ್ರಕಟಿಸಿದರು. ಎರಡರಲ್ಲೂ ಕೆಲಸ ಮಾಡುವುದು ವಸ್ತುವಿನ ಎಲೆಕ್ಟ್ರಾನುಗಳು. ಧ್ರುವೀಕೃತ ಬೆಳಕನ್ನು ಎಡಕ್ಕೆ ಮತ್ತು ಬಲಕ್ಕೆ ಸುತ್ತುವ ಎರಡು ಅಲೆಗಳ ಮೊತ್ತವೆಂದು ನೋಡಬಹುದು. ಕಾಂತೀಯಗೊಂಡ ವಸ್ತು ಈ ಎರಡನ್ನೂ ಒಂದೇ ರೀತಿ ನಡೆಸಿಕೊಳ್ಳುವುದಿಲ್ಲ. ಆದ್ದರಿಂದಲೇ ಈ ತಿರುವು.

ಅಳೆಯುವುದು ಹೇಗೆ? ಧ್ರುವೀಕೃತ ಲೇಸರ್ ಬೆಳಕನ್ನು ಮಾದರಿಯ ಮೇಲೆ ಬಿಡುತ್ತಾರೆ. ಮರಳುವ ಬೆಳಕಿನ ದಾರಿಯಲ್ಲಿ ಇನ್ನೊಂದು ಪೋಲರಾಯ್ಡನ್ನು, ಬೆಳಕು ಬಹುತೇಕ ತಡೆಯುವಂತೆ, ಅಡ್ಡವಾಗಿ ಇಡುತ್ತಾರೆ. ಕಬ್ಬಿಣದಲ್ಲೂ ತಿರುವು ಒಂದು ಡಿಗ್ರಿಗಿಂತ ಕಡಿಮೆ. ಆದರೂ ಅಷ್ಟಕ್ಕೇ ಡಿಟೆಕ್ಟರಿಗೆ ಬೀಳುವ ಬೆಳಕು ಹೆಚ್ಚುಕಡಿಮೆಯಾಗುತ್ತದೆ. ಹೊರಗಿನ ಕಾಂತಕ್ಷೇತ್ರವನ್ನು ಏರಿಸಿ, ಇಳಿಸಿ, ದಿಕ್ಕು ಬದಲಿಸುತ್ತ ಗ್ರಾಫ್ ಬರೆದರೆ, ವಸ್ತುವಿನ ಕಾಂತತ್ವ ಮಗುಚಲು ಎಷ್ಟು ಬಲ ಬೇಕು, ಕ್ಷೇತ್ರ ತೆಗೆದ ಮೇಲೆ ಎಷ್ಟು ಪಾಲು ಉಳಿಯುತ್ತದೆ ಎಂಬುದು ತಿಳಿಯುತ್ತದೆ. ಮಾಹಿತಿ ಉಳಿಸಿಡುವ ವಸ್ತುಗಳಿಗೆ ಈ ಎರಡೂ ಮುಖ್ಯ. 1992ರಲ್ಲಿ ಬಂದ ಸೋನಿ ಮಿನಿಡಿಸ್ಕ್, ಮರುಮುದ್ರಿಸಬಹುದಾದ ತನ್ನ ತಟ್ಟೆಗಳನ್ನು ಓದುತ್ತಿದ್ದುದೂ ಈ ತಿರುವಿನಿಂದಲೇ.

ಬೆಳಕೇ ಏಕೆ? ಲೋಹದೊಳಗೆ ಅದು ಕೆಲವು ಹತ್ತು ನ್ಯಾನೋಮೀಟರ್ ಆಳಕ್ಕಷ್ಟೇ ಇಳಿಯುತ್ತದೆ. ಮಾದರಿಯನ್ನು ಇಡಿಯಾಗಿ ಅಳೆಯುವ ಉಪಕರಣಗಳಲ್ಲಿ ತೆಳುಪದರದ ಸಂಕೇತ ಅದರಡಿಯ ದಪ್ಪ ತಳದ ಸಂಕೇತದಲ್ಲಿ ಮುಳುಗಿಹೋಗಬಹುದು. ಬೆಳಕಿಗೆ ಆ ತೊಂದರೆ ಕಡಿಮೆ. 2017ರಲ್ಲಿ ಒಂದೇ ಪದರ ದಪ್ಪದ ಕ್ರೋಮಿಯಂ ಟ್ರೈಅಯೊಡೈಡ್ ಕೂಡ, ಕಡು ಶೀತದಲ್ಲಿ, ಅಯಸ್ಕಾಂತವಾಗಿರುತ್ತದೆ ಎಂದು ತೋರಿಸಿದ್ದು ಇದೇ ವಿಧಾನ.

ಹಾಗೆಂದು ಬೆಳಕೊಂದೇ ಸಾಲದು. ತಿರುವಿನ ಪ್ರಮಾಣ ವಸ್ತುವಿನ ಮೇಲೂ ಬೆಳಕಿನ ಬಣ್ಣದ ಮೇಲೂ ನಿಂತಿದೆ. ಎರಡರಷ್ಟು ತಿರುಗಿತೆಂದ ಮಾತ್ರಕ್ಕೆ ಒಂದು ವಸ್ತು ಇನ್ನೊಂದಕ್ಕಿಂತ ಎರಡು ಪಟ್ಟು ಬಲವಾದ ಅಯಸ್ಕಾಂತ ಎನ್ನುವಂತಿಲ್ಲ. ಕಾಂತತ್ವ ಯಾವಾಗ, ಹೇಗೆ ಬದಲಾಗುತ್ತದೆಂದು ಬೆಳಕು ಹೇಳುತ್ತದೆ. ಒಟ್ಟು ಎಷ್ಟಿದೆ ಎಂದು ತಿಳಿಯಲು ಬೇರೆ ಅಳತೆಯ ಜೊತೆ ಹೋಲಿಸಿ ನೋಡಲೇಬೇಕು.