ಖೋಟಾ ನೋಟು, ಖೋಟಾ ಮಾತು

ಮಕ್ಕಳೇ, ಬ್ಯಾಂಕಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಕೌಂಟರಿಗೆ ಖೋಟಾ ನೋಟು ಬಂದರೆ ಅದನ್ನು ಗ್ರಾಹಕರಿಗೆ ವಾಪಸು ಕೊಡುವಂತಿಲ್ಲ. ಮುದ್ರೆ ಒತ್ತಿ, ರಸೀದಿ ಕೊಟ್ಟು, ನೋಟನ್ನು ಅಲ್ಲೇ ಹಿಡಿದಿಡಬೇಕು. ಅದನ್ನು ಅಚ್ಚು ಹಾಕಿದವನು ಕ್ಯಾಷಿಯರ್ ಅಲ್ಲ. ತಂದವರೂ ಎಷ್ಟೋ ಸಲ ಮೋಸ ಹೋದವರೇ. ಆದರೂ ಖೋಟಾ ಎಂದು ತಿಳಿದ ಮೇಲೆ ಅದು ಕೌಂಟರ್ ದಾಟಿದರೆ ತಪ್ಪು ಕ್ಯಾಷಿಯರನದೇ.

ಈಗ ನಮ್ಮಂಥ ಅಜ್ಜ ಅಜ್ಜಿಯರಲ್ಲಿ ಅನೇಕರು ಯಾವುದಾದರೊಂದು ವಾಟ್ಸಾಪ್ ಗುಂಪಿಗೆ ಅಡ್ಮಿನ್. ಗುಂಪಿನಲ್ಲಿ ಬೇರೆಯವರು ಹಾಕಿದ ಸುಳ್ಳಿಗೆ ಅಡ್ಮಿನ್ ಹೊಣೆಯೇ? ಬರೀ ಅಡ್ಮಿನ್ ಎಂಬ ಕಾರಣಕ್ಕೆ ಸದಸ್ಯರ ತಪ್ಪನ್ನು ಅವರ ತಲೆಗೆ ಕಟ್ಟುವಂತಿಲ್ಲ ಎಂದು ಕೇರಳ ಹೈಕೋರ್ಟು 2022ರ ಫೆಬ್ರವರಿಯಲ್ಲಿ ಹೇಳಿತು. ನ್ಯಾಯವಾದ ಮಾತೇ. ಯಾರು ಯಾವಾಗ ಏನು ಹಾಕುತ್ತಾರೋ ಮೊದಲೇ ತಿಳಿಯುವುದಿಲ್ಲವಲ್ಲ!

ಆದರೆ ತಿಳಿದ ಮೇಲೆ? 2018ರ ಜುಲೈನಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದ ಕೆಲವು ಗೆಳೆಯರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅಷ್ಟಕ್ಕೇ ಅವರನ್ನು ಮಕ್ಕಳ ಕಳ್ಳರೆಂದು ಸಂಶಯಿಸಿದರು. ಅವರು ಕಾರು ಹತ್ತಿ ಹೊರಟರೆ, ಸುಳ್ಳು ವಾಟ್ಸಾಪಿನಲ್ಲಿ ಕಾರಿಗಿಂತ ಮುಂಚೆ ಮುರ್ಕಿ ಎಂಬ ಊರು ತಲುಪಿತು. ಜನ ದಾರಿಗೆ ಅಡ್ಡ ಹಾಕಿ ಹೊಡೆದರು. ಒಬ್ಬ ಯುವಕನ ಪ್ರಾಣವೇ ಹೋಯಿತು. ಪೊಲೀಸರು ಬಂಧಿಸಿದವರಲ್ಲಿ ಗುಂಪಿನ ಅಡ್ಮಿನ್ ಕೂಡ ಇದ್ದರು. ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು.

2022ರಿಂದ, ಯಾರೇ ಹಾಕಿದ ಸಂದೇಶವನ್ನೂ ಎಲ್ಲರ ಫೋನಿನಿಂದ ಅಳಿಸುವ ಅಧಿಕಾರ ಅಡ್ಮಿನ್‌ಗಳಿಗೆ ಸಿಕ್ಕಿದೆ. ಅಳಿಸಲು ಬಾರದಿದ್ದಾಗ ‘ನಾನೇನು ಮಾಡಲಿ’ ಎನ್ನಬಹುದಿತ್ತು. ಈಗ ಹಾಗೆನ್ನುವಂತಿಲ್ಲ. ಕೈಯಲ್ಲಿ ಬೀಗದ ಕೈ ಇದ್ದವರು ಬಾಗಿಲನ್ನೂ ನೋಡಿಕೊಳ್ಳಬೇಕು.

ಅಡ್ಮಿನ್ ಆದ ಹಿರಿಯರಿಗೆ ಕೆಲವರ ಮುಲಾಜು ಅಡ್ಡ ಬರುತ್ತದೆ. ‘ಬೀಗರು ಹಾಕಿದ್ದು, ಹೇಗೆ ಅಳಿಸಲಿ?’ ಎನ್ನುತ್ತಾರೆ. ಮೊದಲು ಅಳಿಸಿ. ಆಮೇಲೆ ಫೋನು ಮಾಡಿ, ಮರ್ಯಾದೆಯಿಂದಲೇ ಕಾರಣ ತಿಳಿಸಿ. ಒಂದು ಜೀವಕ್ಕಿಂತ ಮುಲಾಜು ದೊಡ್ಡದಲ್ಲ.

ಮಕ್ಕಳೇ, ನಿಮಗೂ ಒಂದು ಕೆಲಸವಿದೆ. ಅಳಿಸುವುದು ಹೇಗೆಂದು ನಿಮ್ಮ ಅಜ್ಜ ಅಜ್ಜಿಗೆ ಈ ಭಾನುವಾರ ತೋರಿಸಿಕೊಡಿ. ಭಯ ಹುಟ್ಟಿಸುವ ಸಂದೇಶ ಬಂದರೆ, ‘ತಾತಾ, ಇದು ಹೇಳಿದವರಿಗೆ ಹೇಗೆ ಗೊತ್ತಾಯಿತಂತೆ?’ ಎಂದು ಕೇಳಿ. ಉತ್ತರ ಸಿಗದಿದ್ದರೆ ಅದು ನಿಮ್ಮ ಮನೆಯ ಕೌಂಟರ್ ದಾಟದಿರಲಿ.